ಗಿರಣಿ ಮನೆಯ ಕಿವಿ

ಮೆಡಿಕಲ್ ಕಾಲೇಜಿನ ಹಾಸ್ಟೆಲಿಗೆ ಬಂದ ಮೊದಲ ದಿನ ಊಟದ ಮೇಜಿನಲ್ಲಿ ಅವಳು ಕೇಳಿದ್ದು ಉಪ್ಪು. "ಸ್ವಲ್ಪ ಉಪ್ಪು ಈ ಕಡೆ ಕೊಡ್ತೀರಾ?" ಅಷ್ಟೇ. ಊಟದ ಮನೆಯಲ್ಲಿದ್ದವರೆಲ್ಲ ತುತ್ತನ್ನು ಕೈಯಲ್ಲೇ ಹಿಡಿದು ತಿರುಗಿ ನೋಡಿದರು. ಅಡುಗೆಯವನು ಏನೋ ಅನಾಹುತವಾಯಿತೆಂದು ಒಳಗಿನಿಂದ ಓಡಿ ಬಂದ. "ನಿಮ್ಮನೇಲಿ ಎಲ್ಲರಿಗೂ ಕಿವುಡಾ?" ಎಂದಳು ಎದುರು ಕೂತಿದ್ದವಳು. ಅವಳು ತಮಾಷೆಗೆ ಅಂದದ್ದು. ಇವಳು ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: "ಎಲ್ಲರಿಗೂ ಅಲ್ಲ, ಅಮ್ಮನಿಗೆ ಮಾತ್ರ. ನಮ್ಮದು ಹಿಟ್ಟಿನ ಗಿರಣಿ." ಅಂದಿನಿಂದ ಅವಳ ಹೆಸರು ಗಿರಣಿ. ಅಪ್ಪ ಅಮ್ಮ ಹುಡುಕಿ ಹುಡುಕಿ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಬಳಕೆಗೆ ಬರುತ್ತಿತ್ತು.

ಮನೆಗೂ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಕಲ್ಲು ತಿರುಗತೊಡಗಿದರೆ ಈ ಕಡೆ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಲ್ಲಿ ಮಾತು ಅಂದರೆ ಕೂಗು. ಬೈಯುವುದೂ ಕೂಗಿ, ಮುದ್ದು ಮಾಡುವುದೂ ಕೂಗಿ. ಗುಟ್ಟನ್ನೂ ಕೂಗಿಯೇ ಹೇಳಬೇಕಾದ್ದರಿಂದ ಆ ಮನೆಯಲ್ಲಿ ಯಾರೂ ಗುಟ್ಟು ಇಟ್ಟುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ವಾರದ ರಜೆಯ ದಿನ ಗಿರಣಿ ನಿಂತಿತೋ, ಎಲ್ಲರಿಗೂ ತಲೆನೋವು. ಅಪ್ಪ ಸುಮ್ಮಸುಮ್ಮನೆ ಸಿಡುಕುತ್ತಿದ್ದ. ಅಮ್ಮ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದಳು.

ಅಮ್ಮ ಮದುವೆಯಾಗಿ ಬಂದಾಗಿನಿಂದ ಹಿಟ್ಟು ಬೀಳುವ ಬಟ್ಟೆಯ ತೋಳಿನ ಪಕ್ಕದಲ್ಲೇ ಕೂತು ಡಬ್ಬ ತುಂಬಿದವಳು. ಅವಳ ಕಿವಿ ಯಾವಾಗ ಮಂದವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಗಿರಣಿಯೊಳಗೆ ಎಲ್ಲರೂ ಕಿವುಡರೇ ಅಲ್ಲವೇ? ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಆಮೇಲೆ ಅಪ್ಪನಿಗೆ ಒಂದು ಹುಚ್ಚು ಹತ್ತಿತು. ಬೆಳಿಗ್ಗೆ ಮೋಟಾರಿನ ಗುಂಡಿ ಒತ್ತುವ ಮುಂಚೆ ಮಗಳನ್ನು ಎಳೆದು ಕೂರಿಸಿಕೊಂಡು ಅವಳ ಎರಡೂ ಕಿವಿಗೆ ಹತ್ತಿ ತುರುಕುತ್ತಿದ್ದ. ಅವಳು ಈ ಕಡೆ ಬಂದ ಕೂಡಲೇ ಅದನ್ನು ಕಿತ್ತು ಬೆಕ್ಕಿನ ಮುಂದೆ ಎಸೆಯುತ್ತಿದ್ದಳು. ಬೆಕ್ಕಿಗೂ ಅವಳಿಗೂ ಅದೊಂದು ಆಟವಾಗಿತ್ತು.

ಇಂಥ ಮನೆಯಿಂದ ಬಂದವಳಿಗೆ ಹಾಸ್ಟೆಲಿನ ಮೌನ ತಡೆಯಲಾಗಲಿಲ್ಲ. ಬೇರೆ ಹುಡುಗಿಯರು ಅಮ್ಮನ ಕೈ ಊಟ ನೆನೆದು ಅಳುತ್ತಿದ್ದರೆ ಇವಳು ಸದ್ದು ನೆನೆದು ಅಳುತ್ತಿದ್ದಳು. ಕೋಣೆಯ ಫ್ಯಾನೊಂದು ಗರಗರ ಅನ್ನುತ್ತಿತ್ತು. ಆ ಪುಣ್ಯಾತ್ಮನ ಆಸರೆಯಲ್ಲಿ ಹೇಗೋ ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಒಂದು ದಿನ ರೂಮಿನ ಗೆಳತಿ, ಎಲ್ಲರೂ ಕನ್ನಡಕ ಎಂದು ಕರೆಯುತ್ತಿದ್ದವಳು, ದೂರು ಕೊಟ್ಟು ಕರೆಂಟಿನವನನ್ನು ಕರೆಸಿ ಫ್ಯಾನನ್ನು ರಿಪೇರಿ ಮಾಡಿಸಿದಳು. "ಈಗ ಆರಾಮಾಗಿ ಮಲಕ್ಕೋಬಹುದು ನೋಡು" ಎಂದು ಆಕೆ ಹೆಮ್ಮೆಯಿಂದ ಹೇಳಿದಾಗ ಗಿರಣಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಓದಿನ ಕಥೆಯೂ ಅಷ್ಟಕ್ಕಷ್ಟೇ. ಎದೆ ಸೀಳಿದರೆ ಎರಡಕ್ಷರ ಇಲ್ಲ ಎಂದು ದಡ್ಡರನ್ನು ಬೈಯುವುದನ್ನು ಅವಳು ಊರಲ್ಲಿ ಕೇಳಿದ್ದಳು. ಇಲ್ಲಿ ನಿಜವಾಗಿಯೂ ಎದೆ ಸೀಳುವ ಪಾಠ, ಅಕ್ಷರಗಳೋ ಲೆಕ್ಕವಿಲ್ಲದಷ್ಟು. ಒಂದೊಂದು ನರಕ್ಕೂ ರೈಲಿನಷ್ಟು ಉದ್ದದ ಹೆಸರು. ಶಾಲೆಯಲ್ಲಿ ಸದಾ ಮೊದಲನೆಯವಳಾಗಿದ್ದವಳು ಇಲ್ಲಿ ತೇಲಿ ಮುಳುಗಿ, ಮುಳುಗಿ ತೇಲಿ, ಮೊದಲ ವರ್ಷವನ್ನು ಹೇಗೋ ದಾಟಿದಳು. ಮಾತೂ ಕಡಿಮೆಯಾಯಿತು. ಬಾಯಿ ತೆರೆದರೆ ಜನ ನಗುತ್ತಾರೆಂದು ಬಾಯಿಗೆ ಬೀಗ ಹಾಕಿಕೊಂಡಳು. ಆದರೂ ಒಂದು ಆಸೆ ಉಳಿದಿತ್ತು. ವಾರ್ಡಿಗೆ ಹೋಗುವ ವರ್ಷ ಬರಲಿ, ರೋಗಿಗಳ ಜೊತೆ ಇರುವ ಕೆಲಸ ಬರಲಿ, ಆಗ ನಾನೇನೆಂದು ತೋರಿಸುತ್ತೇನೆ ಎಂದುಕೊಂಡಿದ್ದಳು.

ಆ ವರ್ಷವೂ ಬಂತು. ಅವಳ ತಂಡ ಬಿದ್ದದ್ದು ಮೀಸೆ ಸರ್ ಕೈಗೆ. ಹೃದಯದ ದೊಡ್ಡ ಡಾಕ್ಟರು. ಅವರ ಮೀಸೆ ಎಷ್ಟು ದಟ್ಟವಾಗಿತ್ತೆಂದರೆ, ಅದರ ಕೆಳಗೆ ನಗುತ್ತಿದ್ದಾರೋ ಹಲ್ಲು ಕಡಿಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಅವರದ್ದೊಂದು ಕಟ್ಟುನಿಟ್ಟಿನ ನಿಯಮ: ಹೊಸ ತಂಡದವರು ಶುರುವಿನ ವಾರಗಳಲ್ಲಿ ಸ್ಟೆತಸ್ಕೋಪ್ ತರಕೂಡದು. "ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಕಿವಿ. ಕೊರಳಿಗೆ ಗಂಟೆ ಕಟ್ಟಿದ ಮಾತ್ರಕ್ಕೆ ಹಸು ಹಾಲು ಕೊಡಲ್ಲ" ಎನ್ನುತ್ತಿದ್ದರು. ಆದ್ದರಿಂದ ಹೊಸ ಸ್ಟೆತಸ್ಕೋಪುಗಳೆಲ್ಲ ಹಾಸ್ಟೆಲಿನ ಕಪಾಟುಗಳಲ್ಲಿ ಡಬ್ಬಿ ಕೂಡ ಒಡೆಯದೆ ಮಲಗಿದ್ದವು. ಹಿಂದಿನ ವರ್ಷ ಪ್ರಯೋಗಾಲಯದಲ್ಲಿ ರಕ್ತದೊತ್ತಡ ನೋಡುವ ಪಾಠವೇನೋ ಆಗಿತ್ತು. ಆ ಗದ್ದಲದಲ್ಲಿ ಕಿವಿಗೆ ಹಾಕಿಕೊಂಡು ಕೇಳಿದ್ದು ಜೊತೆಗಾರ. ಇವಳು ಪಟ್ಟಿ ಸುತ್ತಿ ಗಾಳಿ ಒತ್ತಿದ್ದಳು.

ಕಿಟಕಿ ಪಕ್ಕದ ಮಂಚದಲ್ಲಿ ಇದ್ದವರು ಒಬ್ಬರು ನಿವೃತ್ತ ಹೆಡ್‌ಮಿಸ್ಸು. ಚಿಕ್ಕಂದಿನ ಜ್ವರವೊಂದರಿಂದ ಅವರ ಹೃದಯದ ಕವಾಟ ಕಿರಿದಾಗಿತ್ತು. ಉಸಿರು ಕಟ್ಟಿದಾಗ ಬಂದು ಸೇರುವುದು, ಸುಧಾರಿಸಿಕೊಂಡು ಮನೆಗೆ ಹೋಗುವುದು, ಹೀಗೆ ಎಷ್ಟೋ ವರ್ಷದಿಂದ ನಡೆದಿತ್ತು. ಪ್ರತಿ ತಂಡದವರೂ ಅವರ ಎದೆಯ ಮೇಲೇ ಪಾಠ ಕಲಿಯುತ್ತಿದ್ದರು. "ನನ್ನ ಎದೆ ಕೇಳಿ ಪಾಸಾದವರು ಈಗ ಸ್ವಂತ ಆಸ್ಪತ್ರೆ ಕಟ್ಟಿಸಿದಾರೆ. ನಾನು ಮಾತ್ರ ಇನ್ನೂ ಇದೇ ಮಂಚ" ಎಂದು ನಗುತ್ತಿದ್ದರು.

ಅವತ್ತು ಮೀಸೆ ಸರ್ ಅವರನ್ನು ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಮ್ಮ ಸ್ಟೆತಸ್ಕೋಪನ್ನು ಎದೆಗೆ ಹಗುರವಾಗಿ ತಾಗಿಸಿ, ಕಣ್ಣು ಮುಚ್ಚಿ ಕೇಳಿದರು. "ಬಹಳ ಮೆಲ್ಲಗಿನ ಸದ್ದು. ಲಬ್ ಡಬ್ ಆದಮೇಲೆ ಗುರುಗುರು ಅಂತ ಬರುತ್ತೆ. ಗಮನ ಇಟ್ಟು ಕೇಳಬೇಕು" ಎಂದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಸ್ಟೆತಸ್ಕೋಪನ್ನು ಮುಂದೆ ನಿಂತಿದ್ದ ಹುಡುಗನ ಕೈಗಿಟ್ಟು ವರಾಂಡಕ್ಕೆ ಹೋದರು. ಆ ಹುಡುಗ ತರಗತಿಗೇ ಮೊದಲಿಗ, ಅವನನ್ನು ರ‍್ಯಾಂಕು ಎಂದೇ ಕರೆಯುತ್ತಿದ್ದರು. ಅವನು ಸ್ಟೆತಸ್ಕೋಪಿನ ಅಗಲವಾದ ಚಪ್ಪಟೆ ಬದಿಯನ್ನು ಮಿಸ್ಸಿನ ಎದೆಗಿಟ್ಟು, ಸ್ವಲ್ಪ ಹೊತ್ತು ಕೇಳಿ, ಗಂಭೀರವಾಗಿ ತಲೆಯಾಡಿಸಿ ಮುಂದಿನವರಿಗೆ ದಾಟಿಸಿದ. ಕನ್ನಡಕ ಕೇಳಿದಳು, ತಲೆಯಾಡಿಸಿದಳು. ಉಳಿದವರೂ ಆಡಿಸಿದರು.

ಗಿರಣಿಯ ಸರದಿ ಬಂತು. ಅವಳಿಗೆ ತಳ್ಳುಗಾಡಿಯ ಚಕ್ರ ಕಿರುಗುಟ್ಟಿದ್ದು ಎಲ್ಲೋ ದೂರದಿಂದ ಕೇಳಿಸಿತು. ಯಾರೋ ಕೆಮ್ಮಿದ್ದು ಕೇಳಿಸಿತು. ಎದೆಯ ಸದ್ದು ಮಾತ್ರ ಇಲ್ಲ. ಗುರುಗುರು ಹಾಳಾಗಿ ಹೋಗಲಿ, ಲಬ್ ಡಬ್ ಕೂಡ ಇಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಕೇಳಿದಳು. ಹೆಡ್‌ಮಿಸ್ಸು ತಲೆ ಹೊರಳಿಸಿ ಅವಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮೀಸೆ ಸರ್ ಅವಸರವಾಗಿ ಒಳಗೆ ಬಂದು, "ಎಲ್ಲರಿಗೂ ಕೇಳಿಸ್ತಾ?" ಎಂದರು. "ಕೇಳಿಸ್ತು ಸರ್" ಎಂದಿತು ತಂಡ. ಅವಳೂ ಅಂದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಅವಳಿಗೆ ಹಾಗನ್ನಿಸಲಿಲ್ಲ. ದೊಣ್ಣೆ ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಹಾಸ್ಟೆಲಿಗೆ ಬರುವಷ್ಟರಲ್ಲಿ ಅವಳು ತನ್ನ ಕಾಯಿಲೆಯನ್ನು ತಾನೇ ಕಂಡುಹಿಡಿದಾಗಿತ್ತು. ಎಲ್ಲರಿಗೂ ಕೇಳಿಸಿದ್ದು ತನಗೊಬ್ಬಳಿಗೇ ಕೇಳಿಸಲಿಲ್ಲ ಅಂದರೆ ಏನರ್ಥ? ಗಿರಣಿ ಅಮ್ಮನ ಕಿವಿ ತಿಂದಿತು, ಈಗ ತನ್ನದನ್ನೂ ತಿಂದಿದೆ. ಕಿವಿಗಿಟ್ಟ ಹತ್ತಿಯನ್ನೆಲ್ಲ ಬೆಕ್ಕಿಗೆ ಹಾಕಿದವಳು ತಾನೇ ಅಲ್ಲವೇ, ಮಾಡಿದ್ದುಣ್ಣೋ ಮಹರಾಯ. ಖಾತ್ರಿ ಮಾಡಿಕೊಳ್ಳಲು ಕನ್ನಡಕಳನ್ನು ಬೆನ್ನ ಹಿಂದೆ ನಿಲ್ಲಿಸಿ ಏನಾದರೂ ಪಿಸುಗುಟ್ಟೆಂದಳು. ಮೂರು ತಲೆಮಾರಿನಿಂದ ಡಾಕ್ಟರಾಗಿರುವ ಮನೆಯ ಆ ಹುಡುಗಿ ಮಾಮೂಲಾಗಿ ಮಾತಾಡಿದರೇ ಪಕ್ಕದವರಿಗೆ ಕೇಳುತ್ತಿರಲಿಲ್ಲ, ಇನ್ನು ಪಿಸುಗುಟ್ಟಿದರೆ ದೇವರಿಗೂ ಕೇಳದು. "ಏನಂದೆ?" ಎಂದಳು ಗಿರಣಿ. ಅಮ್ಮ ದಿನಕ್ಕೆ ನೂರು ಸಲ ಕೇಳುವ ಮಾತು ಅದೇ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿವಿಯ ವಿಭಾಗವೇ ಇತ್ತು. ಹೋಗಿ ತೋರಿಸಿಕೊಳ್ಳಬಹುದಿತ್ತು. ಆದರೆ ತೋರಿಸಿಕೊಂಡರೆ ಗೊತ್ತಾಗಿಬಿಡುತ್ತದಲ್ಲ! ಡಾಕ್ಟರಾಗಲು ಹೊರಟವರಷ್ಟು ಡಾಕ್ಟರಿಗೆ ಹೆದರುವವರು ಇನ್ನಾರೂ ಇಲ್ಲ. ಎದೆಯ ಸದ್ದು ಕೇಳದವಳು ಡಾಕ್ಟರಾಗಿ ಏನು ಮಾಡುತ್ತಾಳೆ ಎಂದು ಅವಳೇ ತೀರ್ಪು ಕೊಟ್ಟುಕೊಂಡಳು. ಓದು ಬಿಟ್ಟು ಮನೆಗೆ ಹೋಗುವುದು. ಕಾರಣ ಮಾತ್ರ ಹೇಳುವಂತಿಲ್ಲ. ನಿನ್ನ ಗಿರಣಿಯಿಂದಲೇ ಹೀಗಾಯಿತು ಎಂದು ಅಪ್ಪನಿಗೆ ಯಾವ ಬಾಯಿಂದ ಹೇಳುವುದು? ಅಮ್ಮನ ವಿಷಯಕ್ಕೇ ಆ ಮನುಷ್ಯ ಇವತ್ತಿಗೂ ಒಳಗೊಳಗೇ ಬೇಯುತ್ತಾನೆ. ಗುಟ್ಟೇ ಇಲ್ಲದ ಮನೆಯ ಮಗಳು ಮೊದಲ ಬಾರಿಗೆ ಒಂದು ಗುಟ್ಟು ಕಟ್ಟಿಕೊಂಡಳು.

ಅಪ್ಪನ ಫೋನು ಅಂಗಿಯ ಜೇಬಿನಲ್ಲಿರುತ್ತಿತ್ತು. ಗಿರಣಿ ನಡೆಯುವಾಗ ಅದು ಕೂಗಿದರೆ ಕೇಳಿಸದು. ಎದೆಗೆ ತಾಗಿ ನಡುಗಿದ್ದು ಗೊತ್ತಾದರೆ ಅವನ ಪುಣ್ಯ. ಅಂದು ಗೊತ್ತಾಯಿತು. ಅವನು ಹೊರಗೆ ಬಂದು, "ಹೇಳು ಪುಟ್ಟೀ!" ಎಂದ.

"ಅಪ್ಪಾ, ನಾನು ಮನೆಗೆ ಬಂದುಬಿಡ್ತೀನಿ. ನಂಗೆ ಇಲ್ಲಿ ಆಗಲ್ಲ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದೀನಿ. ಮನೆ ನೆನಪಾಗುತ್ತೆ."

"ನಮಗೂ ನಿನ್ನ ನೆನಪಾಗುತ್ತೆ. ಅದಕ್ಕೇನು ಗಿರಣಿ ನಿಲ್ಲಿಸಿದೀವಾ?" ಎಂದ ಅಪ್ಪ. ಅವಳು ಮೂಗು ಸೇದಿದ್ದು ಆ ಕಡೆಗೆ ಕೇಳಿಸಿರಬೇಕು. ಅವನ ದನಿ ಇಳಿಯಿತು. ಅಂದರೆ ಬೇರೆಯವರು ಮಾತಾಡುವಷ್ಟಕ್ಕೆ ಬಂತು. "ಆಯ್ತು. ಶನಿವಾರ ಬರ್ತೀನಿ. ಟ್ರಂಕು ನೀನೊಬ್ಬಳೇ ಹೊರಕ್ಕಾಗಲ್ಲ."

"ಶನಿವಾರ ಗಿರಣಿ?"

"ಮುಚ್ಚಿದರಾಯ್ತು."

ಶನಿವಾರ ಅಂದರೆ ಗಿರಣಿಗೆ ಜನ ಮುಗಿಬೀಳುವ ದಿನ. ಸ್ವತಃ ಜ್ವರದಲ್ಲಿ ಬೇಯುತ್ತಿದ್ದಾಗಲೂ ಅಪ್ಪ ಶನಿವಾರ ಗಿರಣಿ ಮುಚ್ಚಿದವನಲ್ಲ. ಅಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡಳು. ಅಮ್ಮನ ಫೋನಿನ ರೀತಿಯೇ ಬೇರೆ. ಎದುರಿನವರ ಮಾತು ಕೇಳಿಸುವುದಿಲ್ಲವಾದ್ದರಿಂದ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. "ಊಟ ಮಾಡಿದ್ಯಾ? ಮಾಡು. ತಲೆಗೆ ಎಣ್ಣೆ ಹಚ್ಚಿದ್ಯಾ? ಹಚ್ಚು. ಮಲಗು, ಹುಷಾರು, ಇಡ್ತೀನಿ" ಎಂದು ಕೂಗಿ ಇಟ್ಟೇಬಿಟ್ಟಳು. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅಂದು, ಮುಂದೆ ತಾನೂ ಹೀಗೇ ಮಾತಾಡುತ್ತೇನೆ ಎನಿಸಿತು.

ಶುಕ್ರವಾರ ಟ್ರಂಕು ತುಂಬಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಸಂಜೆ ಅವಳ ಕಾಲು ತಾನಾಗಿ ವಾರ್ಡಿನ ಕಡೆ ನಡೆಯಿತು. ನೋಡಲು ಬರುವವರ ಹೊತ್ತು ಅದು. ಮಕ್ಕಳ ಅಳು, ಸ್ಟೀಲಿನ ತಟ್ಟೆಗಳ ಸದ್ದು, ಆಮ್ಲಜನಕದ ಸುಯ್ಯೆನ್ನುವ ಸದ್ದು, ಎಲ್ಲ ಒಟ್ಟಾಗಿ ಅದೊಂದೇ ಜಾಗ ಅವಳಿಗೆ ಮನೆಯಂತೆ ಅನ್ನಿಸುತ್ತಿತ್ತು. ಹೆಡ್‌ಮಿಸ್ಸು ದಿಂಬಿಗೆ ಒರಗಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ನಮಸ್ಕಾರ ಹೇಳಿ ಹೋಗೋಣವೆಂದು ಹತ್ತಿರ ಬಂದಳು.

"ನಾಳೆ ಊರಿಗೆ ಹೋಗ್ತಿದೀನಿ ಮಿಸ್. ವಾಪಸ್ ಬರಲ್ಲ."

"ಯಾಕಮ್ಮಾ, ಯಾರು ಹೊರಗೆ ಹಾಕಿದ್ರು?"

ಎಲ್ಲರಿಗೂ ಹೇಳಿದ್ದ ಮನೆ ನೆನಪಿನ ಕಾರಣವನ್ನೇ ಹೇಳಹೊರಟಳು. ಆದರೆ ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ನೋಡಿದ ನೋಟದ ಮುಂದೆ ಸುಳ್ಳು ನಡೆಯಲಿಲ್ಲ. "ಅವತ್ತು ನಿಮ್ಮ ಎದೆ ಸದ್ದು ನಂಗೆ ಕೇಳಿಸಲೇ ಇಲ್ಲ ಮಿಸ್. ಸರ್ ಮುಂದೆ ಸುಳ್ಳು ಹೇಳಿದೆ" ಎಂದಳು.

ಹೆಡ್‌ಮಿಸ್ಸು ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಸುಳ್ಳು ಹೇಳಿದ್ದು ನೀನೊಬ್ಬಳೇ ಅಂದ್ಕೊಂಡಿದ್ಯಾ?"

"ಅಂದ್ರೆ?"

"ಎಷ್ಟು ತಂಡ ನನ್ನ ಎದೆ ಕೇಳಿದೆ ಅಂತ ನನಗೇ ಲೆಕ್ಕ ಇಲ್ಲ. ಮೊದಲ ಸಲ ಕಿವಿಗೆ ಸದ್ದು ಬಿತ್ತು ಅಂದ್ರೆ ಮಕ್ಕಳ ಹುಬ್ಬು ಹೀಗೆ ಮೇಲೆ ಹಾರುತ್ತೆ. ಕೆಲವರು ಬಾಯಿ ಬಿಡ್ತಾರೆ. ಒಬ್ಬ ಹುಡುಗ ಹೆದರಿ ಹಿಂದೆ ಸರಿದು ನನ್ನ ನೀರಿನ ಜಗ್ಗು ಬೀಳಿಸಿದ್ದ. ಮೊನ್ನೆ ಒಬ್ಬರ ಹುಬ್ಬೂ ಅಲ್ಲಾಡಲಿಲ್ಲ. ಎಲ್ಲರೂ ತಲೆ ಆಡಿಸಿದ್ರಿ. ಜೀವಮಾನವೆಲ್ಲ ಪಾಠ ಮಾಡಿದೀನಿ ಕಣಮ್ಮಾ. ಅರ್ಥ ಆಯ್ತಾ ಅಂತ ಕೇಳಿದಾಗ ಇಡೀ ತರಗತಿ ಒಟ್ಟಿಗೆ ತಲೆ ಆಡಿಸಿದ್ರೆ, ಒಬ್ಬರಿಗೂ ಅರ್ಥ ಆಗಿಲ್ಲ ಅಂತಾನೇ ಅರ್ಥ."

"ಹಾಗಿದ್ರೆ ನೀವು ಅವತ್ತೇ ಹೇಳಬಹುದಿತ್ತಲ್ಲ ಮಿಸ್!"

"ಕೇಳಿದ್ದು ನಿಮ್ಮನ್ನ, ನನ್ನನ್ನಲ್ಲ. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡೋ ಅಭ್ಯಾಸ ನನಗಿಲ್ಲ" ಎಂದರು ಹೆಡ್‌ಮಿಸ್ಸು. ಬಾಗಿಲ ಕಡೆ ನೋಡಿ, "ಬಂದ್ರು ನೋಡು ನಿಮ್ಮ ಸರ್. ಈಗ ನೀನೇ ಹೇಳು" ಎಂದು ಸೇರಿಸಿದರು.

ಮೀಸೆ ಸರ್ ಸಂಜೆಯ ರೌಂಡ್ಸಿಗೆ ಬಂದಿದ್ದರು. ಹೇಳದಿದ್ದರೆ ನಾಳೆ ಬಸ್ಸು, ಹೇಳಿದರೆ ಮರ್ಯಾದೆ ಮೂರು ಕಾಸಿಗೆ ಹರಾಜು. ಹೇಗೂ ಹೋಗುವವಳಿಗೆ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು ಎಂದು ಧೈರ್ಯ ಮಾಡಿ ಬಾಯಿ ತೆರೆದಳು. ಎಷ್ಟೋ ದಿನದಿಂದ ಬೀಗ ಹಾಕಿದ್ದ ಬಾಯಿ. ದನಿ ಎಷ್ಟು ಎತ್ತಬೇಕೆಂಬ ಹದ ತಪ್ಪಿಹೋಗಿತ್ತು.

"ಸರ್! ಅವತ್ತು ನಂಗೆ ಏನೂ ಕೇಳಿಸಲಿಲ್ಲ ಸರ್!"

ವಾರ್ಡು ಗಪ್ಪಾಯಿತು. ಅಳುತ್ತಿದ್ದ ಮಗುವೂ ನಿಲ್ಲಿಸಿ ನೋಡಿತು. ಆಮೇಲೆ ತಡೆಯಲಾಗಲಿಲ್ಲ. ಗಿರಣಿ, ಅಮ್ಮನ ಕಿವಿ, ಬೆಕ್ಕಿಗೆ ಹಾಕಿದ ಹತ್ತಿ, ಟ್ರಂಕು, ಶನಿವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕಟ್ಟಿಕೊಂಡ ಒಂದೇ ಒಂದು ಗುಟ್ಟನ್ನೂ ಮನೆಯ ಪದ್ಧತಿಯಂತೆ ಕೂಗಿಯೇ ಹೇಳಿದಂತಾಯಿತು.

ಮೀಸೆ ಸರ್ ಕೇಳಿದ್ದು ಒಂದೇ ಪ್ರಶ್ನೆ. "ಗುರುಗುರು ಕೇಳಿಸಲಿಲ್ಲ ಸರಿ. ಲಬ್ ಡಬ್?"

"ಅದೂ ಇಲ್ಲ ಸರ್."

"ಅದೂ ಇಲ್ವಾ? ಮಿಸ್ ಬದುಕಿದಾರಲ್ಲಮ್ಮ!" ಎಂದರು. ಕೊರಳಿನಿಂದ ಸ್ಟೆತಸ್ಕೋಪ್ ತೆಗೆದು, ಕಿವಿಗೆ ಹಾಕಿಕೊಂಡು, ಅದರ ಚಪ್ಪಟೆ ಬದಿಯನ್ನು ಬೆರಳಿಂದ ತಟ್ಟಿದರು. ಆಮೇಲೆ ಅದರ ಹಿಂಬದಿಯ ಚಿಕ್ಕ ಬಟ್ಟಲನ್ನು ತಟ್ಟಿದರು. ಹಣೆ ಚಚ್ಚಿಕೊಂಡರು. "ಯಾವ ಬದಿ ಇಟ್ಟು ಕೇಳಿದ್ರಿ ಅವತ್ತು?"

"ಅಗಲ ಇರೋ ಕಡೆ ಸರ್. ಎಲ್ಲರೂ ಅದನ್ನೇ ಇಟ್ರು."

"ತಪ್ಪು ನಂದು. ಇದಕ್ಕೆ ಎರಡು ಮುಖ. ಈ ತುದಿನ ತಿರುಗಿಸಿದ್ರೆ ಒಂದು ತೆರೆಯುತ್ತೆ, ಇನ್ನೊಂದು ಮುಚ್ಚುತ್ತೆ. ಇವರ ಸದ್ದು ಮೆಲ್ಲಗಿಂದು, ಚಿಕ್ಕ ಬಟ್ಟಲಲ್ಲೇ ಕೇಳಬೇಕು. ನಾನು ಆ ಕಡೆ ತೆರೆದಿಟ್ಟಿದ್ದೆ. ಅದನ್ನ ಹೇಳೋಷ್ಟರಲ್ಲಿ ಫೋನ್ ಬಂತು. ನೀವೆಲ್ಲ ಸೇರಿ ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು, ಒಳಗೆ ಹಾಡು ಕೇಳಿಸ್ತು ಅಂದಿದೀರಿ!"

ಸಿಟ್ಟು ಬಂತೋ ಎಂದು ಅವಳು ಹೆದರಿದಳು. ಆದರೆ ಮೀಸೆಯ ಎರಡು ತುದಿಗಳು ಮೇಲೇರಿದ್ದವು. ಹೆಡ್‌ಮಿಸ್ಸು ಯಾರೂ ಹೇಳದೆಯೇ ಎಡಮಗ್ಗುಲಿಗೆ ಹೊರಳಿ ಮಲಗಿದರು. ಸರ್ ಸ್ಟೆತಸ್ಕೋಪನ್ನು ಅವಳ ಕೈಗಿತ್ತು, ಚಿಕ್ಕ ಬಟ್ಟಲನ್ನು ಹೇಗೆ ಹಗುರವಾಗಿ ತಾಗಿಸಬೇಕೆಂದು ತೋರಿಸಿದರು. ಅವಳು ಕಣ್ಣು ಮುಚ್ಚಿಕೊಂಡಳು.

ಲಬ್. ಡಬ್. ಅದರ ಹಿಂದೆಯೇ, ಎಲ್ಲೋ ದೂರದಲ್ಲಿ, ಗುರುಗುರುಗುರು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಮಲಗಿ ಗೋಡೆಗೆ ಕಿವಿಯಿಟ್ಟರೆ ಕೇಳಿಸುತ್ತಿದ್ದದ್ದು ಇದೇ ಸದ್ದು. ಗೋಡೆಯಾಚೆ ಗಿರಣಿ ತಿರುಗುತ್ತಿತ್ತು. ಮನೆ ಬಿಟ್ಟು ಇಷ್ಟು ದೂರ ಬಂದು, ನಂಟಿಲ್ಲದ ಹೆಂಗಸೊಬ್ಬರ ಎದೆಯೊಳಗೆ ಅವಳಿಗೆ ಅದು ಸಿಕ್ಕಿತು. ಹುಬ್ಬು ಎಷ್ಟು ಮೇಲೆ ಹಾರಿತೋ ಅವಳಿಗೇ ಗೊತ್ತಿಲ್ಲ. "ಕೇಳಿಸ್ತು! ಕೇಳಿಸ್ತು ಸರ್!" ಎಂದು ಕೂಗಿಯೇಬಿಟ್ಟಳು. ಕೂಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

"ನಂಗೂ ಕೇಳಿಸ್ತು. ಪಕ್ಕದ ವಾರ್ಡಿಗೂ ಕೇಳಿಸಿರುತ್ತೆ" ಎಂದರು ಹೆಡ್‌ಮಿಸ್ಸು.

ಸರ್ ಅಲ್ಲಿಗೇ ಬಿಡಲಿಲ್ಲ. ಅವಳನ್ನು ಆಗಲೇ ಮೂರನೇ ಮಹಡಿಗೆ ಅಟ್ಟಿದರು. ಕಿವಿಯ ಡಾಕ್ಟರಮ್ಮ ಅವಳನ್ನು ಗಾಳಿಯೂ ಆಡದ ಕೋಣೆಯಲ್ಲಿ ಕೂರಿಸಿ, ಸಣ್ಣ ಸಣ್ಣ ಕೀಚು ದನಿಗಳನ್ನೆಲ್ಲ ಕೇಳಿಸಿ, ಕೊನೆಗೆ ಬಾಗಿಲು ತೆಗೆದು ಹೇಳಿದರು: "ಕಿವಿ ಬಹಳ ಚೆನ್ನಾಗಿದೆ. ಮೆಲ್ಲಗೆ ಮಾತಾಡೋದಕ್ಕೆ ಔಷಧಿ ಬೇಕಾದ್ರೆ ಹುಡುಕೋಣ." ಅವಳಿಗೆ ಮೆಟ್ಟಿಲು ಇಳಿದದ್ದೇ ತಿಳಿಯಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಇಳಿದಿತ್ತು.

ಅಷ್ಟರಲ್ಲಿ ಸರ್ ಉಳಿದವರನ್ನೂ ಮಂಚದ ಸುತ್ತ ಕರೆಸಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರಿಗೆ ಮುಟ್ಟಿ ನೋಡಿಕೊಳ್ಳಲೂ ಆಗದೆ ಎಲ್ಲರೂ ನೆಲ ನೋಡುತ್ತಿದ್ದರು. ರ‍್ಯಾಂಕು ನಾಚಿ ನೀರಾಗಿದ್ದ. "ನನಗೊಬ್ಬನಿಗೇ ಕೇಳಿಸಿಲ್ಲ ಅಂದ್ಕೊಂಡೆ ಸರ್" ಎಂದ. ಇಷ್ಟು ಓದಿಯೂ ದಡ್ಡನಾಗಿಯೇ ಉಳಿದೆನಲ್ಲ ಎಂದು ಅವನಿಗೆ ಊಟವೇ ಸೇರುತ್ತಿರಲಿಲ್ಲವಂತೆ. ಕನ್ನಡಕ ಗಿರಣಿಯ ತೋಳು ಹಿಡಿದು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ನಾನು ಅದೇ ದಿನ ಅಜ್ಜಂಗೆ ಫೋನ್ ಮಾಡಿ, ಆ ಸದ್ದು ಹೇಗಿತ್ತು ಅಂತ ಚೆನ್ನಾಗಿ ವರ್ಣಿಸಿದೀನಿ ಕಣೇ. ಅಜ್ಜ ಭೇಷ್ ಅಂದ್ರು." ಈ ಸಲ ಗಿರಣಿಗೆ ಪ್ರತಿ ಅಕ್ಷರವೂ ಕೇಳಿಸಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಪ್ಪನಿಗೆ ಬರಬೇಡವೆನ್ನಲು ಮತ್ತೆ ಮತ್ತೆ ಫೋನು ಮಾಡಿದಳು. ಶನಿವಾರ ಗಿರಣಿ ಮುಚ್ಚುತ್ತದೆಂದು ಊರವರೆಲ್ಲ ಶುಕ್ರವಾರವೇ ಗೋಧಿ ಹೊತ್ತು ತಂದು ರಾತ್ರಿಯವರೆಗೂ ಬೀಸಿಸಿರಬೇಕು. ಆ ಗದ್ದಲದಲ್ಲಿ ಮನೆ ಫೋನಿನ ಗಂಟೆಯಾಗಲಿ ಜೇಬಿನ ನಡುಕವಾಗಲಿ ಯಾರಿಗೆ ಗೊತ್ತಾಗುತ್ತದೆ? ಬೆಳಿಗ್ಗೆ ಹಾಸ್ಟೆಲಿನ ಗೇಟಿನ ಹತ್ತಿರ, "ನನ್ನ ಮಗಳನ್ನ ಸ್ವಲ್ಪ ಕರೀತೀರಾ?" ಎಂದು ಕೇಳಿದ್ದು ಎರಡನೇ ಮಹಡಿಗೂ ಕೇಳಿಸಿತು. ಕಿಟಕಿಗಳೆಲ್ಲ ತೆರೆದುಕೊಂಡವು. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಆದರೂ ಕಿವಿಯ ಸಂದಿಯಲ್ಲಿ ಹಿಟ್ಟು ಹಾಗೇ ಇತ್ತು. ಹೆಗಲ ಮೇಲೆ ಟ್ರಂಕು ಕಟ್ಟಲು ತಂದ ಹಗ್ಗ. ಅವನು ಬೇರೇನೂ ಕೇಳಲಿಲ್ಲ. "ಎಲ್ಲಿದೆ ಟ್ರಂಕು?" ಎಂದ.

"ಅಪ್ಪಾ, ಮೊದಲು ಕೂತ್ಕೋ" ಎಂದು ಅವಳು ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿದಳು. ಆದದ್ದನ್ನೆಲ್ಲ ಹೇಳಿದಳು. ಕಿವಿ ಹೋಯಿತೆಂದು ಹೆದರಿದ್ದನ್ನು ಹೇಳುವಾಗ ಮಾತ್ರ ದನಿ ಸಣ್ಣದಾಯಿತು. ಅವನ ಮುಖ ನೋಡಲಾರದೆ ಹಗ್ಗದ ತುದಿಯನ್ನು ಬಿಚ್ಚುತ್ತ ಕೂತಳು.

ಅಪ್ಪ ಅವಳ ಕಡೆ ತಿರುಗಿ, "ಡಾಕ್ಟರು ಖಂಡಿತ ಹೇಳಿದ್ರಾ? ಏನೂ ಆಗಿಲ್ಲ ಅಂತ?" ಎಂದ.

"ಖಂಡಿತ. ಬಹಳ ಚೆನ್ನಾಗಿದೆ ಅಂದ್ರು."

"ಎರಡೂ ಕಿವಿನಾ?"

"ಎರಡೂ ಅಪ್ಪಾ. ಹತ್ತಿಯೆಲ್ಲ ಕಿತ್ತು ಬೆಕ್ಕಿಗೆ ಹಾಕ್ತಿದ್ದೆ, ಆದ್ರೂ ಹೇಗೆ ಉಳೀತೋ."

"ನೀನು ಬೆಕ್ಕಿಗೆ ಹಾಕ್ತಿದ್ದದ್ದು ನಂಗೆ ಗೊತ್ತಿರಲಿಲ್ವಾ? ನೀನು ಕಿತ್ತಷ್ಟು ಸಲ ಮತ್ತೆ ಇಡ್ತಿದ್ದೆ. ಆಟಕ್ಕೆ ಕೂತಾಗ, ಮಧ್ಯಾಹ್ನ ನಿದ್ದೆ ಹತ್ತಿದಾಗ. ಕಲ್ಲು ನಿಲ್ಲಿಸಿ ಬಂದು ಇಟ್ಟು ಹೋಗ್ತಿದ್ದೆ. ಗಿರಾಕಿಗಳು ಬೈಯೋರು" ಎಂದ ಅಪ್ಪ. ತೋಳಿನಿಂದ ಮುಖ ಒರೆಸಿಕೊಂಡ. "ನಿಮ್ಮಮ್ಮಂದು ನಂಗೆ ತಡವಾಗಿ ಗೊತ್ತಾಯ್ತು. ನಿಂದು ಉಳೀತೋ ಇಲ್ವೋ ಅಂತ ಇಷ್ಟು ವರ್ಷ ಯಾರನ್ನೂ ಕೇಳಕ್ಕೆ ಧೈರ್ಯ ಬಂದಿರಲಿಲ್ಲ."

ಆ ಮನೆಯಲ್ಲಿ ಗುಟ್ಟಿಲ್ಲವೆಂದು ಅವಳು ತಿಳಿದದ್ದು ತಪ್ಪಾಗಿತ್ತು. ಒಂದಿತ್ತು, ಅಪ್ಪನ ಬಳಿಯಲ್ಲೇ ಇತ್ತು. ಅವಳು ಅವನ ತೋಳಿಗೆ ಒರಗಿದಳು. ಅಂಗಿ ಒಗೆದಿದ್ದರೂ ಅದರಲ್ಲಿ ಬಿಸಿ ಹಿಟ್ಟಿನ ವಾಸನೆ ಇತ್ತು. ಮನೆಯ ನೆನಪು ಹೋಗಲಿಲ್ಲ, ಹೋಗುವುದೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೆ ಅದನ್ನು ಇಟ್ಟುಕೊಂಡೇ ಇಲ್ಲಿರಬಹುದು ಎಂದೂ ಗೊತ್ತಾಯಿತು.

"ಹಾಗಿದ್ರೆ ಈ ಹಗ್ಗ?" ಎಂದ ಅಪ್ಪ.

"ಸುತ್ತಿ ಚೀಲಕ್ಕೆ ಹಾಕ್ಕೋ. ಟ್ರಂಕು ಇಲ್ಲೇ ಇರುತ್ತೆ."

"ಸುಮ್ನೆ ಒಂದು ಶನಿವಾರ ಹಾಳು ಮಾಡಿದೆಯಲ್ಲೇ" ಎಂದು ಬೈದು, ಅವನು ಮೊದಲ ಬಾರಿಗೆ ನಕ್ಕ. "ನಿಮ್ಮಮ್ಮ ನಾನು ಹೊರಡೋವಾಗ್ಲೇ ಮನೆ ಫೋನಿನ ಮುಂದೆ ಕೂತಿದ್ಲು. ಗಿರಣಿ ನಿಂತಿದೆ, ಮನೇಲಿ ಸದ್ದೇ ಇಲ್ಲ ಅಂತ ಗೊಣಗ್ತಿದ್ಲು. ಅವಳಿಗೆ ಹೇಳು."

ಅಪ್ಪನ ಫೋನಿನಿಂದಲೇ ಕರೆ ಮಾಡಿದಳು. ಅಮ್ಮ ಎತ್ತಿಕೊಂಡವಳೇ ಶುರುಹಚ್ಚಿದಳು. "ಹೊರಟ್ರಾ? ದಾರೀಲಿ ತಿನ್ನಕ್ಕೆ ಏನಾದ್ರೂ ತಗೊಂಡ್ರಾ? ತಗೊಳ್ಳಿ. ಕಿಟಕಿ ಪಕ್ಕ ಕೂರಬೇಡ, ಗಾಳಿ." ಎಂದಿನಂತೆ ಇಡುವುದರೊಳಗೆ ತಡೆಯಬೇಕಿತ್ತು. ಹಾಸ್ಟೆಲಿನ ಕಿಟಕಿಗಳಲ್ಲಿ ಹುಡುಗಿಯರು ಇನ್ನೂ ನಿಂತಿದ್ದರು. ಅವಳು ಅವರನ್ನೊಮ್ಮೆ ನೋಡಿದಳು. ಎದ್ದು ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಕಲ್ಲು ತಿರುಗುವಾಗ ಗೋಡೆಯಾಚೆಗೆ ಕೂಗುತ್ತಿದ್ದ ಆ ದನಿಯಲ್ಲೇ ಕೂಗಿದಳು.

"ಅಮ್ಮಾ! ನಾನು ಬರಲ್ಲಾ! ಇಲ್ಲೇ ಇದ್ದು ಓದ್ತೀನೀ! ನನ್ನ ಕಿವಿ ಚೆನ್ನಾಗಿದೇ!"

ಮರದ ಮೇಲಿನ ಹಕ್ಕಿಗಳು ಎದ್ದು ಹೋದವು. ಆ ಕಡೆ ಮಾತು ನಿಂತಿತು. ಅಮ್ಮ ಫೋನಿನಲ್ಲಿ ಸುಮ್ಮನಾದದ್ದನ್ನು ಅವಳು ಈವರೆಗೆ ಕಂಡೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮೂಗು ಸೇದಿಕೊಂಡು, ಅಮ್ಮ ಹೇಳಿದಳು.

"ಕೇಳಿಸ್ತು ಕಣೇ."